ಹೊಸನಗರದ ಫೋನು, ಶಿವಮೊಗ್ಗದ ಕಂಪ್ಯೂಟರು, ಮುಂಬೈನ ಡೇಟಾಬೇಸು

(ಶಿವಮೊಗ್ಗದಲ್ಲಿ ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಬರೆದುಕೊಡುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇವೆ.)

ಎಲ್ಲರಿಗೂ ನಮಸ್ಕಾರ. ಒಂದು ಅಡಿಕೆ ಸಂಘವನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ಊಹೆಯ ಸಂಘ, ಯಾವುದರ ಹೆಸರೂ ಬೇಡ. ಶಿವಮೊಗ್ಗದ ಮಂಡಿಯಲ್ಲಿ ಮುಖ್ಯ ಕಚೇರಿ, ಅಲ್ಲಿ ಆರು ಕಂಪ್ಯೂಟರು. ತೀರ್ಥಹಳ್ಳಿ, ಹೊಸನಗರ, ಸಾಗರದಲ್ಲಿ ಶಾಖೆಗಳು, ಒಂದೊಂದರಲ್ಲಿ ಎರಡು ಕಂಪ್ಯೂಟರು. ಕೊಯ್ಲು ಶುರುವಾದರೆ ನಲವತ್ತು ಜನ ಫೋನು ಹಿಡಿದು ತೋಟದಿಂದ ತೋಟಕ್ಕೆ ಹೋಗಿ ಹಸಿ ಅಡಿಕೆ ತೂಗಿ ಬರೆದುಕೊಳ್ಳುತ್ತಾರೆ. ಇದೆಲ್ಲ ಮುಂಬೈನ ಡೇಟಾ ಸೆಂಟರಿನಲ್ಲಿರುವ ಒಂದೇ ಡೇಟಾಬೇಸಿಗೆ ಹೋಗಿ ಸೇರಬೇಕು. ಸಂಜೆ ಕಾರ್ಯದರ್ಶಿ ಕೇಳಿದ ಲೆಕ್ಕ ಪೈಸೆ ತಪ್ಪದೆ ಬರಬೇಕು.

ಹೊಸಬರು ಮೊದಲು ಹಿಡಿಯುವ ದಾರಿ ಯಾವುದೆಂದು ನಮಗೆಲ್ಲ ಗೊತ್ತು. ಸರ್ವರಿನಲ್ಲಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ ಹಾಕುವುದು, ಅದು ಯಾವ ವಿಳಾಸದಲ್ಲಿ ಕಿವಿಗೊಡಬೇಕೆಂದು ಹೇಳುವ ಬೈಂಡ್ ಅಡ್ರೆಸ್ 127.0.0.1 ಇದ್ದದ್ದನ್ನು 0.0.0.0 ಮಾಡುವುದು, ಯಾವ ಊರಿಂದಾದರೂ ಬರಲಿ ಎಂದು ಬಳಕೆದಾರನ ಹೆಸರಿನ ಮುಂದೆ ಶೇಕಡಾ ಚಿಹ್ನೆ ಹಾಕುವುದು, ಬೇಡದವರನ್ನು ತಡೆಯುವ ಫೈರ್‌ವಾಲಿನಲ್ಲಿ ಮೈಎಸ್‌ಕ್ಯೂಎಲ್ಲಿನ ಬಾಗಿಲಾದ 3306ನೇ ಪೋರ್ಟ್ ತೆರೆಯುವುದು, ಆ್ಯಪಿನೊಳಗೆ ಡ್ರೈವರೂ ಪಾಸ್‌ವರ್ಡೂ ತುಂಬಿಸುವುದು. ಲ್ಯಾಬಿನಲ್ಲಿ ಕೆಲಸ ಮಾಡುತ್ತದೆ. ಪ್ರಾಜೆಕ್ಟಿಗೆ ಮಾರ್ಕ್ಸೂ ಬರುತ್ತದೆ.

ಈ ದಾರಿ ಹಿಡಿಯಬೇಡಿ ಎಂದು ಹೇಳುವ ಮೊದಲು, ಇದು ಕೈಕೊಡುವಾಗ ಏನು ಹೇಳುತ್ತದೆ ಎಂಬುದನ್ನು ಕಲಿತಿಡಿ. ಅಭಿವೃದ್ಧಿ ಮಾಡುವಾಗ ಎಲ್ಲರಿಗೂ ಬೇಕಾಗುತ್ತದೆ. 2003 ಎಂಬ ದೋಷ ಸಂಖ್ಯೆ ಬಂದರೆ ನಿಮ್ಮ ಮಾತು ಸರ್ವರಿನ ಬಾಗಿಲನ್ನೇ ಮುಟ್ಟಿಲ್ಲ. ಫೈರ್‌ವಾಲ್ ಇರಬಹುದು, ಬೈಂಡ್ ಅಡ್ರೆಸ್ ಇರಬಹುದು, ಸರ್ವಿಸ್ ನಿಂತಿರಬಹುದು. 1130 ಬಂದರೆ ಬಾಗಿಲು ಮುಟ್ಟಿದ್ದೀರಿ, ಆದರೆ ನಿಮ್ಮ ವಿಳಾಸದಿಂದ ಬರುವವರಿಗೆ ಒಳಗೆ ಜಾಗ ಬರೆದಿಲ್ಲ. 1045 ಎಂದರೆ ಬಳಕೆದಾರನ ಹೆಸರು, ಪಾಸ್‌ವರ್ಡ್ ಹೊಂದಿಲ್ಲ. 1040 ಎಂದರೆ ಒಳಗೆ ಜಾಗವೇ ಇಲ್ಲ, ಸಂಪರ್ಕಗಳು ಭರ್ತಿ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಆದರೆ ಪೋರ್ಟ್ 5432. ಯಾರು ಎಲ್ಲಿಂದ ಬರಬಹುದು ಎಂಬುದು ಪಿಜಿ-ಎಚ್‌ಬಿಎ ಎಂಬ ಫೈಲಿನಲ್ಲಿರುತ್ತದೆ. ಇನ್ನೊಂದು: ಆಂಡ್ರಾಯ್ಡ್ ಎಮ್ಯುಲೇಟರಿನಲ್ಲಿ, ಅಂದರೆ ಲ್ಯಾಪ್‌ಟಾಪಿನೊಳಗೆ ಓಡುವ ನಕಲಿ ಫೋನಿನಲ್ಲಿ, ‘ಈ ಯಂತ್ರವೇ’ ಎಂಬರ್ಥದ ಲೋಕಲ್‌ಹೋಸ್ಟ್ ಎಂದರೆ ಎಮ್ಯುಲೇಟರೇ ಹೊರತು ನಿಮ್ಮ ಲ್ಯಾಪ್‌ಟಾಪಲ್ಲ. ಲ್ಯಾಪ್‌ಟಾಪನ್ನು ಮುಟ್ಟಬೇಕಾದರೆ 10.0.2.2 ಎಂದು ಬರೆಯಬೇಕು. ಎಷ್ಟು ರಾತ್ರಿ ಈ ಒಂದು ಅಂಕಿಗೆ ಹೋಗಿವೆಯೋ ಮಾರಾಯ್ರೆ, ಲೆಕ್ಕ ಇಟ್ಟವರಿಲ್ಲ.

ಈಗ ಯಾಕೆ ಬೇಡ ಎಂಬುದು. ಆಂಡ್ರಾಯ್ಡ್ ಆ್ಯಪು ಫೋನಿಗೆ ಬರುವ ಎಪಿಕೆ ಫೈಲು ಬೀಗ ಹಾಕಿದ ಪೆಟ್ಟಿಗೆಯಲ್ಲ, ಹಗ್ಗ ಕಟ್ಟಿದ ಗೋಣಿಚೀಲ. ಜಾಡಿಎಕ್ಸ್‌ನಂಥ ಉಚಿತ ಸಾಧನದಲ್ಲಿ ಬಿಚ್ಚಿದರೆ ಒಳಗಿನ ಪಾಸ್‌ವರ್ಡು ಐದು ನಿಮಿಷದಲ್ಲಿ ಕೈಗೆ ಸಿಗುತ್ತದೆ. ಪಾಸ್‌ವರ್ಡನ್ನು ತಿರುಚಿ ಮುರುಚಿ ಇಟ್ಟರೂ ಆ್ಯಪು ಅದನ್ನು ನೆಟ್ಟಗೆ ಮಾಡಿಕೊಂಡೇ ಬಳಸಬೇಕಲ್ಲ. ಹಾಗಾಗಿ ಹತ್ತು ನಿಮಿಷವಾದೀತು, ಅಷ್ಟೆ. ಅಂಗಡಿಗೆ ಬಂದ ಪ್ರತಿ ಗಿರಾಕಿಗೂ ಗಲ್ಲಾಪೆಟ್ಟಿಗೆಯ ಬೀಗದ ಕೈ ಕೊಟ್ಟು, ಬೇಕಾದ ಚಿಲ್ಲರೆ ನೀವೇ ತಗೊಳ್ಳಿ ಎಂದ ಹಾಗಾಯಿತು. ಆ ಪಾಸ್‌ವರ್ಡ್ ಬದಲಿಸಬೇಕೆಂದರೆ ನಲವತ್ತು ಫೋನಿಗೂ ಒಂದೇ ದಿನ ಹೊಸ ಆ್ಯಪು ಹಾಕಬೇಕು. 2017ರ ಜನವರಿಯಲ್ಲಿ ಇಂಟರ್ನೆಟ್ಟಿಗೆ ತೆರೆದಿಟ್ಟ, ಪಾಸ್‌ವರ್ಡೇ ಇಲ್ಲದ ಮೊಂಗೋಡಿಬಿ ಡೇಟಾಬೇಸುಗಳನ್ನು ಸಾವಿರಗಟ್ಟಲೆ ಅಳಿಸಿ, ಬಿಟ್‌ಕಾಯಿನ್ ಕೊಡಿ ಎಂಬ ಚೀಟಿ ಬಿಟ್ಟು ಹೋದರು. ಅವರಿಗೆ ನಿಮ್ಮ ಸಂಘದ ಹೆಸರು ಗೊತ್ತಿರಬೇಕಾಗಿಲ್ಲ. ತೆರೆದ ಪೋರ್ಟುಗಳನ್ನು ಯಂತ್ರವೇ ಹುಡುಕುತ್ತಿರುತ್ತದೆ.

‘ನಮ್ಮವರ ಐಪಿ ವಿಳಾಸಕ್ಕೆ ಮಾತ್ರ ಬಾಗಿಲು ತೆರೆದರೆ?’ ಎಂದು ಕೇಳಬಹುದು. ಕಚೇರಿಗೆ ಸ್ಥಿರ ವಿಳಾಸ ಕೊಂಡಿದ್ದರೆ ಸರಿ. ಫೋನಿಗೆ ಆಗುವುದಿಲ್ಲ. ಮೊಬೈಲ್ ಕಂಪನಿಗಳು ಐಪಿವಿ4 ವಿಳಾಸ ಸಾಲದೆ ನೂರಾರು ಜನರನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸುತ್ತವೆ. ಫೋನಿನೊಳಗೆ 100.64ರಿಂದ 100.127ರ ನಡುವೆ ಶುರುವಾಗುವ ವಿಳಾಸ ಕಂಡರೆ ಇದೇ ಏರ್ಪಾಡು. ಬೆಳಿಗ್ಗೆ ಇದ್ದ ಹೊರವಿಳಾಸ ಮಧ್ಯಾಹ್ನ ಇರುವುದಿಲ್ಲ. ಇದ್ದರೂ ಅದರ ಹಿಂದೆ ಊರಿಗೆ ಊರೇ ಇರುತ್ತದೆ.

ನಡುವೆ ಒಬ್ಬ ಗುಮಾಸ್ತ

ಆದ್ದರಿಂದ ಡೇಟಾಬೇಸಿನ ಮುಂದೆ ಒಬ್ಬ ಗುಮಾಸ್ತನನ್ನು ಕೂರಿಸಬೇಕು. ಸರ್ವರಿನಲ್ಲಿ ಓಡುವ ಈ ನಡುವಣ ಪ್ರೋಗ್ರಾಮಿಗೆ ಎಪಿಐ ಎನ್ನುತ್ತಾರೆ. ಫೋನು ಗುಪ್ತಲಿಪಿಯ ಎಚ್‌ಟಿಟಿಪಿಎಸ್‌ನಲ್ಲಿ, 443ನೇ ಪೋರ್ಟಿನಲ್ಲಿ ಗುಮಾಸ್ತನ ಹತ್ತಿರ ಮಾತ್ರ ಮಾತಾಡುತ್ತದೆ. ಗುಮಾಸ್ತ ಒಳಗೆ ಹೋಗಿ ಡೇಟಾಬೇಸ್ ಮುಟ್ಟುತ್ತಾನೆ. ಅದರ 3306 ಹೊರಲೋಕಕ್ಕೆ ಮುಚ್ಚಿಯೇ ಇರುತ್ತದೆ. ನೀವು ಮನೆಯಿಂದ ನೋಡಬೇಕೆಂದರೆ ಎಸ್‌ಎಸ್‌ಎಚ್ ಎಂಬ ಗುಪ್ತಲಿಪಿಯ ಸುರಂಗದಲ್ಲಿ ಹೋಗಿ. ಎಪಿಐಯನ್ನು ಪಿಎಚ್‌ಪಿ, ಪೈಥಾನ್, ನೋಡ್, ಜಾವಾ ಯಾವುದರಲ್ಲಾದರೂ ಬರೆಯಿರಿ, ಅದರಲ್ಲಿ ಜಗಳ ಬೇಡ. ಫೈರ್‌ಬೇಸ್, ಸುಪಾಬೇಸ್‌ನಂಥ ಸಿದ್ಧ ಸೇವೆ ಬಳಸಿದರೆ ಗುಮಾಸ್ತ ಅವರದೇ, ಆದರೆ ನಿಯಮ ಬರೆಯುವುದು ನಿಮ್ಮ ಕೆಲಸ. ಪರೀಕ್ಷೆಗೆಂದು ಎಲ್ಲರಿಗೂ ತೆರೆದಿಟ್ಟ ನಿಯಮವನ್ನು ಹಾಗೆಯೇ ಬಿಟ್ಟರೆ 3306 ತೆರೆದದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ.

ಗುಮಾಸ್ತನಿಂದ ಇನ್ನೆರಡು ಉಪಕಾರ. ಮೈಎಸ್‌ಕ್ಯೂಎಲ್ ಮೂಲ ಹೊಂದಾಣಿಕೆಯಲ್ಲಿ ಏಕಕಾಲಕ್ಕೆ 151 ಸಂಪರ್ಕ, ಪೋಸ್ಟ್‌ಗ್ರೆಸ್ 100. ಪ್ರತಿ ಫೋನೂ ತನ್ನದೊಂದು ಸಂಪರ್ಕ ಹಿಡಿದು ಕೂತು, ಸಿಗ್ನಲ್ ಹೋದಾಗ ಬಿಡದೆ, ಮರಳಿ ಬಂದಾಗ ಇನ್ನೊಂದು ತೆರೆದರೆ ನಲವತ್ತು ಫೋನಿಗೇ ಭರ್ತಿ. ಎಪಿಐ ಹತ್ತು ಸಂಪರ್ಕಗಳ ಕಟ್ಟು ಇಟ್ಟುಕೊಂಡರೆ ಅದರಲ್ಲೇ ನೂರಾರು ಫೋನಿಗೆ ಸರದಿಯಂತೆ ಬಡಿಸುತ್ತದೆ, ಏಕೆಂದರೆ ಒಂದು ಪ್ರಶ್ನೆಗೆ ಬೇಕಾಗುವುದು ಕೆಲವು ಮಿಲಿಸೆಕೆಂಡು.

ಎರಡನೆಯದು ದೂರದ ಲೆಕ್ಕ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಶಿವಮೊಗ್ಗದಿಂದ ಮುಂಬೈಗೆ ಕಾಗೆ ಹಾರಿದ ಹಾಗೆ 600 ಕಿ.ಮೀ. ಚಿಲ್ಲರೆ, ಹೋಗಿಬರಲು ಕನಿಷ್ಠ 6 ಮಿಲಿಸೆಕೆಂಡು. ಅದೇ ಸರ್ವರು ಅಮೆರಿಕದ ವರ್ಜೀನಿಯಾದಲ್ಲಿದ್ದರೆ 13,000 ಕಿ.ಮೀ.ಗೂ ಹೆಚ್ಚು, ಕನಿಷ್ಠ 130 ಮಿಲಿಸೆಕೆಂಡು. ಕೇಬಲ್ಲಿನ ಸುತ್ತುದಾರಿ ಸೇರಿದರೆ 200 ದಾಟುತ್ತದೆ. ಹತ್ತು ಡಾಲರ್ ಅಗ್ಗ ಎಂದು ಅಲ್ಲಿ ಸರ್ವರ್ ಕೊಂಡವರು ಇದನ್ನು ದಿನಾ ಕಟ್ಟುತ್ತಾರೆ. ಮುಂಬೈಯೇ ಆದರೂ ಗುಡ್ಡದ ಮರೆಯಲ್ಲಿ ಸಿಗ್ನಲ್ಲಿನ ಒಂದೇ ಕಡ್ಡಿ ಕಾಣುವಾಗ ಹೋಗಿಬರುವುದು 400 ಮಿಲಿಸೆಕೆಂಡು ಆಗಬಹುದು. ಈಗ ಒಬ್ಬ ಬೆಳೆಗಾರರ ಪುಟ ತೆರೆಯಿರಿ: ಅವರ ವಿವರಕ್ಕೆ ಒಂದು ಪ್ರಶ್ನೆ, 30 ತೂಕದ ಸಾಲಿಗೆ ಒಂದೊಂದು ಪ್ರಶ್ನೆ, ಒಟ್ಟು 31 ಸಲ ಹೋಗಿಬರಬೇಕು. 31ನ್ನು 400ರಿಂದ ಗುಣಿಸಿ, ಹನ್ನೆರಡು ಸೆಕೆಂಡು ದಾಟಿತು. ಎಪಿಐ ಇದ್ದರೆ ಆ 31 ಪ್ರಶ್ನೆಯೂ ಡೇಟಾ ಸೆಂಟರಿನ ಒಳಗೇ ನಡೆದು ಫೋನಿಗೆ ಉತ್ತರ ಒಂದೇ ಸಲ ಬರುತ್ತದೆ. ವೇಗ ಕಡಿಮೆ ಎಂದು ದೂರುವವರು ಸಾಮಾನ್ಯವಾಗಿ ಬೈಯಬೇಕಾದದ್ದು ಎಂಬಿಪಿಎಸ್ಸನ್ನಲ್ಲ, ಓಡಾಟದ ಸಂಖ್ಯೆಯನ್ನು. ಒಂದು ತೂಕದ ನಮೂದು 300 ಬೈಟು ಎಂದಿಟ್ಟುಕೊಳ್ಳಿ. ದಿನಕ್ಕೆ ಇನ್ನೂರಾದರೂ 60 ಕೆಬಿ. 2ಜಿಯಲ್ಲೂ ಸಾಗುತ್ತದೆ.

ಫೋನಿನ ಕಚ್ಚಾ ಪುಸ್ತಕ

ಇದುವರೆಗಿನದು ಎಲ್ಲ ಊರಿಗೂ ಒಂದೇ. ಮಲೆನಾಡಿಗೆ ಬಂದರೆ ಬೇರೆ ಮಾತಿದೆ. ತೋಟ ಇರುವುದು ಎರಡು ಗುಡ್ಡದ ನಡುವಿನ ಕಣಿವೆಯಲ್ಲಿ. ಅಡಿಕೆಗೆ ಬೇಕಾದ ತಂಪು ಎಲ್ಲಿದೆಯೋ ಅಲ್ಲಿ ಸಿಗ್ನಲ್ ಇಲ್ಲ. ಆದ್ದರಿಂದ ‘ನೆಟ್ ಇಲ್ಲದಿದ್ದರೆ ದೋಷ ತೋರಿಸು’ ಎಂದು ಬರೆದ ಆ್ಯಪು ಇಲ್ಲಿ ಕೆಲಸಕ್ಕೆ ಬಾರದು. ಸಂಪರ್ಕ ಇಲ್ಲದಿರುವುದೇ ಸಹಜ ಸ್ಥಿತಿ, ಇರುವುದು ಆಗೀಗಿನ ಅನುಕೂಲ. ಹಾಗೆಂದುಕೊಂಡೇ ಕಟ್ಟಬೇಕು.

ಮಂಡಿಯ ಹಳೆಯ ಲೆಕ್ಕದವರಿಗೆ ಇದು ಹೊಸದಲ್ಲ. ಮೊದಲು ಕಚ್ಚಾ ಪುಸ್ತಕ, ಆಮೇಲೆ ಖಾತೆ. ಫೋನಿನೊಳಗಿನ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸು ಕಚ್ಚಾ ಪುಸ್ತಕ, ದೂರದ ಡೇಟಾಬೇಸು ಖಾತೆ. ತೂಕ ಒತ್ತಿದ ಕೂಡಲೆ ನಮೂದು ಎಸ್‌ಕ್ಯೂಲೈಟಿಗೆ ಬೀಳುತ್ತದೆ, ಅದೇ ಟ್ರಾನ್ಸಾಕ್ಷನ್ನಿನಲ್ಲಿ ‘ಕಳಿಸಬೇಕಾದ್ದು’ ಎಂಬ ಇನ್ನೊಂದು ಟೇಬಲ್ಲಿಗೂ ಒಂದು ಸಾಲು ಬೀಳುತ್ತದೆ. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ತೂಗುವವರು ಮುಂದಿನ ಚೀಲಕ್ಕೆ ಹೋಗುತ್ತಾರೆ. ಸಿಗ್ನಲ್ ಸಿಕ್ಕಾಗ ಹಿನ್ನೆಲೆಯ ಕೆಲಸಗಾರ ಸಾಲಿನ ತಲೆಯಿಂದ ಒಂದೊಂದೇ ಕಳಿಸುತ್ತಾನೆ. ಆಂಡ್ರಾಯ್ಡಿನಲ್ಲಿ ಇದಕ್ಕೆ ವರ್ಕ್‌ಮ್ಯಾನೇಜರ್ ಇದೆ. ನಿಗದಿತ ಅವಧಿಯ ಕೆಲಸಕ್ಕೆ ಅದರ ಕನಿಷ್ಠ ಅಂತರ 15 ನಿಮಿಷ. ಕೆಲವು ಫೋನುಗಳು ಬ್ಯಾಟರಿ ಉಳಿಸುವ ಉತ್ಸಾಹದಲ್ಲಿ ಅದನ್ನೂ ಕೊಲ್ಲುತ್ತವೆ. ಹಾಗಾಗಿ ಪರದೆಯ ಮೇಲೆ ‘ಕಳಿಸದೆ ಉಳಿದದ್ದು: 7’ ಎಂದು ದೊಡ್ಡದಾಗಿ ತೋರಿಸಿ, ಪಕ್ಕದಲ್ಲಿ ‘ಈಗ ಕಳಿಸು’ ಗುಂಡಿ ಇಡಿ. ಆ ಅಂಕಿ ಸೊನ್ನೆಯಾಗದೆ ಆ್ಯಪು ತೆಗೆದುಹಾಕಿದರೆ ನಮೂದು ಹೋಯಿತೆಂದೇ ಲೆಕ್ಕ.

ಈಗ ಇಡೀ ವಿಷಯದ ಗಂಟು ಇರುವ ಜಾಗಕ್ಕೆ ಬಂದೆವು. ಫೋನು ನಮೂದು ಕಳಿಸಿತು. ಸರ್ವರು ಬರೆದುಕೊಂಡಿತು. ‘ಆಯಿತು’ ಎಂಬ ಉತ್ತರ ವಾಪಸು ಬರುವಾಗ ಜೀಪು ತಿರುವು ದಾಟಿತು, ಸಿಗ್ನಲ್ ಹೋಯಿತು. ಫೋನಿನ ಕಣ್ಣಿಗೆ ಇದು ವಿಫಲ. ಮತ್ತೆ ಕಳಿಸುತ್ತದೆ. ಒಂದೇ ಚೀಲ ಎರಡು ಸಲ ಖಾತೆಗೆ ಬಿತ್ತು. ಹೋಗುವಾಗ ಕಳೆದದ್ದೋ ಬರುವಾಗ ಕಳೆದದ್ದೋ ಫೋನಿಗೆ ಗೊತ್ತಾಗುವ ದಾರಿಯೇ ಇಲ್ಲ. ಆದ್ದರಿಂದ ‘ಎರಡನೇ ಸಲ ಕಳಿಸಬಾರದು’ ಎಂಬ ನಿಯಮ ಆಗದು. ‘ಎಷ್ಟು ಸಲ ಕಳಿಸಿದರೂ ಒಂದೇ ಸಲ ಬೀಳಬೇಕು’ ಎಂಬುದೇ ನಿಯಮ. ಅದಕ್ಕೆ ನಮೂದು ಹುಟ್ಟಿದ ಕ್ಷಣದಲ್ಲೇ ಫೋನೇ ಅದಕ್ಕೊಂದು ಯುಯುಐಡಿ ಕೊಡಬೇಕು, 128 ಬಿಟ್ಟಿನ ಗುರುತು. ಸರ್ವರಿನ ಟೇಬಲ್ಲಿನಲ್ಲಿ ಆ ಕಾಲಮ್ಮಿಗೆ ಒಂದೇ ಗುರುತು ಎರಡು ಸಲ ಬೀಳದಂತೆ ತಡೆಯುವ ಯುನಿಕ್ ಇಂಡೆಕ್ಸ್ ಇರಬೇಕು. ಎರಡನೇ ಸಲ ಬಂದರೆ ಸರ್ವರು ಬೈಯಬಾರದು. ಮೊದಲ ಸಲದ ಉತ್ತರವನ್ನೇ ಮತ್ತೆ ಕೊಡಬೇಕು. ಯುಯುಐಡಿಯನ್ನು ಕಳಿಸುವ ಹೊತ್ತಿಗೆ ತಯಾರಿಸುವವರಿದ್ದಾರೆ. ಪ್ರತಿ ಸಲವೂ ಹೊಸದು ಹುಟ್ಟುವುದರಿಂದ ಇಡೀ ಏರ್ಪಾಡು ವ್ಯರ್ಥ. ಆಂಡ್ರಾಯ್ಡ್ 6ರಿಂದ ಆ್ಯಪಿನ 25 ಎಂಬಿವರೆಗಿನ ಡೇಟಾ ತಾನಾಗಿ ಬ್ಯಾಕಪ್ ಆಗುತ್ತದೆ ಎಂಬುದನ್ನೂ ನೆನಪಿಡಿ. ಹೊಸ ಫೋನಿಗೆ ಹಳೆಯ ‘ಕಳಿಸಬೇಕಾದ್ದು’ ಪಟ್ಟಿ ಇಳಿದು ಎಲ್ಲವೂ ಮತ್ತೆ ಹೊರಡಬಹುದು. ಆಗಲೂ ಕಾಯುವುದು ಇದೇ ಗುರುತು.

ಮರುಯತ್ನಕ್ಕೂ ಮರ್ಯಾದೆ ಇರಲಿ. 2, 4, 8, 16 ಸೆಕೆಂಡು ಹೀಗೆ ಅಂತರ ಹೆಚ್ಚಿಸಿ, ಅದರಲ್ಲಿ ಸ್ವಲ್ಪ ಏರುಪೇರು ಸೇರಿಸಿ. ಇಲ್ಲದಿದ್ದರೆ ಸರ್ವರು ಎದ್ದ ಕೂಡಲೆ ನಲವತ್ತೂ ಫೋನು ಒಟ್ಟಿಗೆ ಬಾಗಿಲು ಬಡಿಯುತ್ತವೆ. ಎಪಿಐ ಉತ್ತರದ ಜೊತೆ ಕಳಿಸುವ ಸಂಖ್ಯೆಯನ್ನೂ ನೋಡಿ. 500, 503 ಬಂದರೆ ಮತ್ತೆ ಕಳಿಸಿ. 401 ಬಂದರೆ ಲಾಗಿನ್ ಟೋಕನ್ ಹೊಸದು ಮಾಡಿಕೊಂಡು ಕಳಿಸಿ. 400 ಅಥವಾ 422 ಬಂದರೆ ನಮೂದಿನಲ್ಲೇ ತಪ್ಪಿದೆ, ನೂರು ಸಲ ಕಳಿಸಿದರೂ ಅದೇ ಉತ್ತರ. ಅದನ್ನು ಬದಿಗೆ ತೆಗೆದು ಕೆಂಪಕ್ಷರದಲ್ಲಿ ತೋರಿಸಿ. ಹಾಗೆ ಮಾಡದಿದ್ದರೆ ಸಾಲಿನ ತಲೆಯಲ್ಲಿ ಕೂತ ಆ ಒಂದು ಕೆಟ್ಟ ನಮೂದು ಹಿಂದಿನ ಎಲ್ಲವನ್ನೂ ತಡೆದು ನಿಲ್ಲಿಸುತ್ತದೆ.

ಸರ್ವರಿನಿಂದ ಫೋನಿಗೆ ಹೊಸದನ್ನು ತರಿಸಿಕೊಳ್ಳುವಾಗ ಫೋನಿನ ಗಡಿಯಾರ ನಂಬಬೇಡಿ. ತೂಗಿದ ಹೊತ್ತು ಎಂದು ಫೋನಿನದನ್ನೂ, ತಲುಪಿದ ಹೊತ್ತು ಎಂದು ಸರ್ವರಿನದನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ, ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇಡಿ. ತೋರಿಸುವಾಗ ಐದೂವರೆ ಗಂಟೆ ಸೇರಿಸಿದರಾಯಿತು. ‘ಕಳೆದ ಸಲ 105ನೇ ಕ್ರಮಸಂಖ್ಯೆವರೆಗೆ ಓದಿದ್ದೆ, ಮುಂದಿನದು ಕೊಡು’ ಎನ್ನುವ ಪದ್ಧತಿ ಒಳ್ಳೆಯದು, ಆದರೆ ಅದರಲ್ಲೂ ಒಂದು ಹಳ್ಳ ಇದೆ. ಸಂಖ್ಯೆ ಸಿಗುವುದು ಟ್ರಾನ್ಸಾಕ್ಷನ್ ನಡೆಯುತ್ತಿರುವಾಗ, ಕಮಿಟ್ ಆಗುವುದು, ಅಂದರೆ ಬರೆದದ್ದು ಖಾಯಂ ಆಗುವುದು ಆಮೇಲೆ. 105 ಮೊದಲು ಕಮಿಟ್ ಆಗಿ 104 ತಡವಾದರೆ, 105 ಓದಿದ ಫೋನು 104ನ್ನು ಯಾವತ್ತೂ ನೋಡುವುದಿಲ್ಲ. ಪ್ರತಿ ಸಲ ಸ್ವಲ್ಪ ಹಿಂದಿನಿಂದ ಓದಿಕೊಳ್ಳಿ. ಮರುಕಳಿಸಿದ್ದನ್ನು ಯುಯುಐಡಿ ತಾನೇ ಸೋಸುತ್ತದೆ. ಅಳಿಸಿದ ಸಾಲನ್ನು ನಿಜಕ್ಕೂ ಅಳಿಸಬೇಡಿ, ‘ಅಳಿಸಿದೆ’ ಎಂಬ ಗುರುತು ಹಾಕಿ. ಇಲ್ಲದ ಸಾಲಿನ ಸುದ್ದಿಯನ್ನು ಫೋನಿಗೆ ಮುಟ್ಟಿಸುವುದು ಹೇಗೆ?

ಇಬ್ಬರು ಒಂದೇ ದಾಖಲೆ ತಿದ್ದಿದರೆ ಯಾರದು ನಿಲ್ಲಬೇಕು? ಬೆಳೆಗಾರರ ಫೋನ್ ನಂಬರಾದರೆ ಕೊನೆಗೆ ಬಂದದ್ದು ನಿಲ್ಲಲಿ. ತೂಕವಾದರೆ ತಿದ್ದಲೇ ಬಿಡಬೇಡಿ. ತಪ್ಪಾದರೆ ರದ್ದಿನ ನಮೂದು ಒಂದು, ಸರಿಯಾದ್ದು ಇನ್ನೊಂದು.

ದುಡ್ಡಿನ ಲೆಕ್ಕಕ್ಕೆ ಫ್ಲೋಟ್ ಎಂಬ ಅಂದಾಜು ದಶಮಾಂಶ ಬೇಡ. ತೂಕವನ್ನು ಗ್ರಾಮಿನಲ್ಲಿ, ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ. 47.35 ಕೆ.ಜಿ. ಹಸಿ ಅಡಿಕೆಗೆ ಕೆ.ಜಿ.ಗೆ 62.50 ರೂಪಾಯಿ ಎಂದಿಟ್ಟುಕೊಳ್ಳಿ, 2,959.375 ಆಗುತ್ತದೆ. ಫೋನು ಕೊನೆಯ ಅಂಕಿ ಕತ್ತರಿಸಿ 37 ಪೈಸೆ ಎಂದು ಚೀಟಿ ಕೊಟ್ಟು, ಸರ್ವರು ಮೇಲಕ್ಕೆ ಏರಿಸಿ 38 ಎಂದು ಬರೆದರೆ, ಆ ಒಂದು ಪೈಸೆ ವರ್ಷದ ಕೊನೆಗೆ ಆಡಿಟರ್ ಎದುರು ಬಂದು ಕೂರುತ್ತದೆ. ಎಲ್ಲಿ, ಯಾವ ನಿಯಮದಲ್ಲಿ ಪೂರ್ಣಗೊಳಿಸುವುದು ಎಂದು ಒಂದೇ ಕಡೆ ತೀರ್ಮಾನಿಸಿ. ಚೀಟಿಯ ಕ್ರಮಸಂಖ್ಯೆಯೂ ಹಾಗೆಯೇ: ನೆಟ್ ಇಲ್ಲದಾಗ ಮುಂದಿನ ಸಂಖ್ಯೆ ಸರ್ವರಿನಿಂದ ಸಿಗದು. ಪ್ರತಿ ಫೋನಿಗೂ ಬೇರೆ ಸರಣಿ ಕೊಡಿ, ಶಾಖೆ, ಫೋನು, ಸಂಖ್ಯೆ ಎಂಬ ಕ್ರಮದಲ್ಲಿ. ಜಿಎಸ್‌ಟಿ ಬಿಲ್ಲಾದರೆ ಆ ಸಂಖ್ಯೆ 16 ಅಕ್ಷರ ಮೀರುವಂತಿಲ್ಲ.

ಕಚೇರಿಯ ಕಂಪ್ಯೂಟರು

ಡೇಟಾಬೇಸು ಅದೇ ಕಟ್ಟಡದಲ್ಲಿದ್ದು, ಡೆಸ್ಕ್‌ಟಾಪ್ ಸಾಫ್ಟ್‌ವೇರು ಒಳಗಿನ ಲ್ಯಾನಿನಲ್ಲಿ ಅದನ್ನು ನೇರವಾಗಿ ಮುಟ್ಟಿದರೆ ದೊಡ್ಡ ತಪ್ಪೇನಿಲ್ಲ. ಶಾಖೆಗಳಿಂದ, ಅಥವಾ ಮುಂಬೈನಲ್ಲಿರುವುದನ್ನು ಮುಟ್ಟಬೇಕಾದರೆ ವೈರ್‌ಗಾರ್ಡ್‌ನಂಥ ವಿಪಿಎನ್, ಅಂದರೆ ಇಂಟರ್ನೆಟ್ಟಿನೊಳಗೊಂದು ಖಾಸಗಿ ಸುರಂಗ ಹಾಕಿ, ಅದರ ಒಳಗಿನಿಂದ ಮುಟ್ಟಲಿ. ಬ್ರಾಡ್‌ಬ್ಯಾಂಡ್ ಮೋಡೆಮ್ ಸುಮ್ಮನಿರುವ ಸಂಪರ್ಕವನ್ನು ಮರೆತುಬಿಡುತ್ತದೆ, ಆದ್ದರಿಂದ 25 ಸೆಕೆಂಡಿಗೊಮ್ಮೆ ಮಿಸುಕಾಡುವ ಕೀಪ್‌ಅಲೈವ್ ಕೊಡಿ. ಎಲ್ಲ ಹಕ್ಕೂ ಇರುವ ರೂಟ್ ಬಳಕೆದಾರನ ಪಾಸ್‌ವರ್ಡ್ ಮಾತ್ರ ಯಾವ ಕಂಪ್ಯೂಟರಿನಲ್ಲೂ ಇರಕೂಡದು. ಬೇಕಾದ ಟೇಬಲ್ಲಿಗೆ ಬೇಕಾದಷ್ಟೇ ಹಕ್ಕಿರುವ ಬಳಕೆದಾರ ಸಾಕು.

ಡೆಸ್ಕ್‌ಟಾಪಿನ ಎರಡು ಹಳೆಯ ರೋಗ ಹೇಳುತ್ತೇವೆ. ಬೆಳಿಗ್ಗೆ ಕಚೇರಿ ತೆರೆದು ಮೊದಲ ಗುಂಡಿ ಒತ್ತಿದರೆ 2006, ‘ಸರ್ವರ್ ಹೊರಟುಹೋಗಿದೆ’ ಎಂಬ ದೋಷ. ಸುಮ್ಮನಿರುವ ಸಂಪರ್ಕವನ್ನು ಮೈಎಸ್‌ಕ್ಯೂಎಲ್ 28,800 ಸೆಕೆಂಡು, ಅಂದರೆ ಎಂಟು ಗಂಟೆ ಕಾದು ಕಡಿಯುತ್ತದೆ. ಸಂಜೆ ಆರಕ್ಕೆ ಸಾಫ್ಟ್‌ವೇರು ಮುಚ್ಚದೆ ಮನೆಗೆ ಹೋದರೆ ರಾತ್ರಿ ಎರಡಕ್ಕೆ ಕಥೆ ಮುಗಿದಿರುತ್ತದೆ. ಕಾಯುವ ಸಮಯ ಹೆಚ್ಚಿಸುವುದು ಮದ್ದಲ್ಲ. ಪ್ರತಿ ಕೆಲಸಕ್ಕೂ ಸಂಪರ್ಕ ತೆರೆದು ಮುಗಿದ ಕೂಡಲೆ ಸಂಪರ್ಕಗಳ ಕಟ್ಟಿಗೆ ಹಿಂದಿರುಗಿಸಿ. ಎರಡನೆಯ ರೋಗ ಇದಕ್ಕಿಂತ ಕೆಟ್ಟದು. ‘ತಿದ್ದು’ ಒತ್ತಿದಾಗ ಟ್ರಾನ್ಸಾಕ್ಷನ್ ಶುರುಮಾಡಿ ಸಾಲಿಗೆ ಬೀಗ ಹಾಕುವುದು, ‘ಉಳಿಸು’ ಒತ್ತಿದಾಗ ಬಿಡುವುದು. ನಡುವೆ ಅವರು ಕಾಫಿಗೆ ಹೋದರು. ಅದೇ ಸಾಲು ತಿದ್ದಬೇಕಾದ ಸಾಗರದ ಶಾಖೆಯವರು 50 ಸೆಕೆಂಡು ಕಾದು 1205 ದೋಷ ನೋಡುತ್ತಾರೆ. ಫಾರಂ ತೆರೆದಿರುವಾಗ ಬೀಗ ಬೇಡ. ಪ್ರತಿ ಸಾಲಿಗೂ ಒಂದು ಆವೃತ್ತಿ ಸಂಖ್ಯೆ ಇಡಿ, ಉಳಿಸುವಾಗ ‘ಆವೃತ್ತಿ ಇನ್ನೂ 7 ಇದ್ದರೆ ಮಾತ್ರ ಬದಲಿಸಿ 8 ಮಾಡು’ ಎನ್ನಿ. ಬದಲಾದ ಸಾಲು ಸೊನ್ನೆ ಎಂದು ಉತ್ತರ ಬಂದರೆ ಬೇರೆಯವರು ಮೊದಲೇ ತಿದ್ದಿದ್ದಾರೆ.

ಕನ್ನಡದ ಹೆಸರುಗಳು ಬೇರೆಯೇ ಒಂದು ಅಧ್ಯಾಯ. ಹಳೆಯ ಡೆಸ್ಕ್‌ಟಾಪ್ ಡೇಟಾ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಅದು ಯುನಿಕೋಡ್ ಅಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರ, ಪರಿವರ್ತಿಸಿಯೇ ತರಬೇಕು. ಮೈಎಸ್‌ಕ್ಯೂಎಲ್ಲಿನಲ್ಲಿ ಯುಟಿಎಫ್8ಎಂಬಿ4 ಎಂಬ ಅಕ್ಷರ ಸಂಕೇತ ಇಡಿ, ಟೇಬಲ್ಲಿಗೆ ಮಾತ್ರವಲ್ಲ, ಸಂಪರ್ಕಕ್ಕೂ. ಎಸ್‌ಕ್ಯೂಎಲ್ ಸರ್ವರಾದರೆ ಎನ್‌ವಾರ್‌ಚಾರ್ ಕಾಲಮ್ಮು, ಅದರ ಜೊತೆಗೆ ಉದ್ಧರಣ ಚಿಹ್ನೆಯ ಮುಂದೆ ‘ಎನ್’ ಅಕ್ಷರ. ಅದು ಮರೆತರೆ ಹೆಸರಿನ ಬದಲು ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ‘ಕೃಷ್ಣಮೂರ್ತಿ’ ಕಣ್ಣಿಗೆ ನಾಲ್ಕು ಅಕ್ಷರ, ಯುನಿಕೋಡಿಗೆ 11, ಯುಟಿಎಫ್-8ರಲ್ಲಿ 33 ಬೈಟು. ಕಾಲಮ್ಮಿನ ಅಗಲ ಇಂಗ್ಲಿಷ್ ಹೆಸರು ನೋಡಿ ಇಡಬೇಡಿ. ಇನ್ನು ‘ಗೋಪಾಲ’ ಎಂಬಲ್ಲಿನ ಓತ್ವವನ್ನು ಒಂದೇ ಸಂಕೇತದಲ್ಲೂ ಬರೆಯಬಹುದು, ತುಂಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟುಗಳನ್ನು ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ. ಫೋನಿನಲ್ಲಿ ಹುಡುಕಿದರೆ ಸಿಗದ ಬೆಳೆಗಾರರು ಹೀಗೆ ಕಳೆದುಹೋಗಿರುತ್ತಾರೆ. ಉಳಿಸುವ ಮೊದಲೂ ಹುಡುಕುವ ಮೊದಲೂ ಎನ್‌ಎಫ್‌ಸಿ ಎಂಬ ಯುನಿಕೋಡಿನ ಏಕರೂಪಕ್ಕೆ ತನ್ನಿ.

ಉಳಿದ ಎರಡು ಮಾತು ಬೇಗ ಹೇಳುತ್ತೇವೆ. ಆಂಡ್ರಾಯ್ಡ್ 9ರಿಂದ ಬರಿಯ ಎಚ್‌ಟಿಟಿಪಿ ತಾನಾಗಿಯೇ ಬಂದ್. ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತವಾಗಿ ಸಿಗುತ್ತದೆ, ಆದರೆ ಬಹುಬೇಗ ಅವಧಿ ಮುಗಿಯುವುದರಿಂದ ನವೀಕರಣ ತಾನಾಗಿ ನಡೆಯುವಂತೆ ಮಾಡಿ. ಫೋನಿನ ದಿನಾಂಕ ತಪ್ಪಿದ್ದರೂ ಪ್ರಮಾಣಪತ್ರ ಸುಳ್ಳೆಂದು ಬರುತ್ತದೆ, ಮೊದಲು ಅದನ್ನೇ ನೋಡಿ. ಬ್ಯಾಕಪ್ಪನ್ನು ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ಬಿಚ್ಚಿ ನೋಡಿ. ಬಿಚ್ಚಿ ನೋಡದ ಬ್ಯಾಕಪ್ಪನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಭಿಕರೊಬ್ಬರು ಕೇಳಿದರು: ‘ಸರ್, ನಮ್ಮ ಸಂಘದ್ದು ವಿಬಿ6, ಅಂದರೆ ವಿಷುಯಲ್ ಬೇಸಿಕ್ 6ರಲ್ಲಿ ಬರೆದ ಸಾಫ್ಟ್‌ವೇರು, ಡೇಟಾ ಎಲ್ಲ ಮೈಕ್ರೊಸಾಫ್ಟ್ ಆಕ್ಸೆಸ್ ಫೈಲಿನಲ್ಲಿ. ಬರೆದವರು ಊರು ಬಿಟ್ಟಿದ್ದಾರೆ. ಆ ಫೈಲನ್ನು ಗೂಗಲ್ ಡ್ರೈವಿನಲ್ಲಿಟ್ಟು ಶಾಖೆಯವರೂ ತೆರೆದರೆ ಆಗುವುದಿಲ್ಲವೇ?’

ಆಗುವುದಿಲ್ಲ. ಆಕ್ಸೆಸ್ ತನ್ನ ಫೈಲಿನ ಒಳಗೇ ತುಂಡು ತುಂಡಾಗಿ ಬರೆಯುತ್ತದೆ, ಪಕ್ಕದಲ್ಲೊಂದು ಬೀಗದ ಫೈಲು ಇಟ್ಟು ಯಾರು ಎಲ್ಲಿ ಬರೆಯುತ್ತಿದ್ದಾರೆ ಎಂದು ನೋಡಿಕೊಳ್ಳುತ್ತದೆ. ಡ್ರೈವಿಗೆ ಆ ಬೀಗ ಅರ್ಥವಾಗದು, ಅದು ಇಡೀ ಫೈಲನ್ನು ನಕಲು ಮಾಡುತ್ತದೆ. ಇಬ್ಬರು ಬರೆದರೆ ಎರಡು ಫೈಲು, ಕೂಡಿಸುವವರಿಲ್ಲ. ನೀವು ಮಾಡಬಹುದಾದದ್ದು ಹೀಗೆ. ಟೇಬಲ್ಲುಗಳನ್ನು ಮಾತ್ರ ಮೈಎಸ್‌ಕ್ಯೂಎಲ್ಲಿಗೆ ಸಾಗಿಸಿ, ಆಕ್ಸೆಸ್ ಫೈಲಿನಲ್ಲಿ ಅದೇ ಹೆಸರಿನ ಲಿಂಕ್ಡ್ ಟೇಬಲ್ಲುಗಳನ್ನು ಓಡಿಬಿಸಿ ಎಂಬ ಸೇತುವೆಯ ಮೂಲಕ ಜೋಡಿಸಿ. ಸಾಫ್ಟ್‌ವೇರಿನ ಬಹುಪಾಲು ಹಾಗೆಯೇ ನಡೆಯುತ್ತದೆ, ಕೆಲವು ವರದಿ ನಿಧಾನವಾಗುತ್ತದೆ, ಅವನ್ನು ಒಂದೊಂದಾಗಿ ಸರ್ವರಿನಲ್ಲೇ ಬರೆದಿಟ್ಟ ಪ್ರಶ್ನೆಯಾದ ವ್ಯೂಗೆ ಬದಲಿಸಿ. ವಿಬಿ6 32 ಬಿಟ್ಟಿನದು, ಆದ್ದರಿಂದ ಓಡಿಬಿಸಿ ಡ್ರೈವರೂ 32 ಬಿಟ್ಟಿನದೇ ಇರಬೇಕು. 64 ಹಾಕಿದರೆ ಕಾಣುವುದೇ ಇಲ್ಲ. ಸಾಗಿಸುವ ಕೆಲಸ ಮಂಡಿಗೆ ರಜೆ ಇರುವ ದಿನ ಮಾಡಿ, ಪ್ರತಿ ಟೇಬಲ್ಲಿನ ಸಾಲಿನ ಸಂಖ್ಯೆಯನ್ನೂ ಬಾಕಿಯ ಒಟ್ಟು ಮೊತ್ತವನ್ನೂ ಎರಡೂ ಕಡೆ ತಾಳೆ ನೋಡಿ. ಆಮೇಲೆ ಹಳೆಯ ಫೈಲಿನ ಹೆಸರು ಬದಲಿಸಿ, ಓದಲು ಮಾತ್ರ ಎಂದು ಗುರುತು ಮಾಡಿ ಬೇರೆ ಡಿಸ್ಕಿಗೆ ಹಾಕಿಡಿ. ಹಾಗೆ ಮಾಡದಿದ್ದರೆ ಯಾರಾದರೊಬ್ಬರು ಹಳೆಯ ಶಾರ್ಟ್‌ಕಟ್ ಒತ್ತಿ ಎರಡು ವಾರ ಅದರಲ್ಲೇ ಬರೆದಿರುತ್ತಾರೆ.